ಟರೆಟ್ ಪ್ರೆಸ್ ತಗೊಳ್ಳೋವಾಗ ತೂತು ಎಣಿಸ್ಬೇಡಿ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಜಗಳ ಆಡೋ ಮೂಡಲ್ಲಿದ್ದೀನಿ, ಮೊದ್ಲೇ ಹೇಳ್ಬಿಡ್ತೀನಿ. ಮನೇಲೇ ತೋಟಾ ರೀಲೋಡ್ ಮಾಡೋಕೆ, ಅಂದ್ರೆ ಹೊಡೆದಾದ್ಮೇಲೆ ಉಳಿಯೋ ಖಾಲಿ ಕೇಸ್‌ನ ಮತ್ತೆ ತುಂಬಿಸೋಕೆ, ಟರೆಟ್ ಪ್ರೆಸ್ ತಗೋಬೇಕು ಅಂತ ಯಾರಾದ್ರೂ ಹೊರಟ್ರೆ ಸಾಕು, ಅವ್ರು ಕೇಳೋ ಮೊದಲನೇ ಪ್ರಶ್ನೆ, ಎಷ್ಟು ತೂತಿಂದು ತಗೊಳ್ಲಿ ಸರ್, ನಾಲ್ಕಾ, ಆರಾ, ಏಳಾ, ಎಂಟಾ? ತೂತು ಅಂದ್ರೆ ಪ್ರೆಸ್ ಮೇಲಿರೋ ತಿರುಗೋ ತಲೇಲಿ ಡೈ, ಅಂದ್ರೆ ಕೇಸ್ ಮೇಲೆ ಒಂದೊಂದು ಕೆಲಸ ಮಾಡೋ ಅಚ್ಚು, ಹಾಕೋ ಜಾಗ. ನನ್ ಪ್ರಕಾರ ಅದು ಕೊನೇಲಿ ಕೇಳ್ಬೇಕಾದ್ದು. ಮೊದ್ಲು ಕೇಳ್ಕೋಬೇಕಾದ್ದು ಆ ತಲೆ ತಾನಾಗೇ ತಿರುಗುತ್ತಾ ಇಲ್ಲಾ ನಾನೇ ಕೈಯಲ್ಲಿ ತಿರುಗಿಸ್ತಾ ಕೂರ್ಬೇಕಾ ಅಂತ.

ಶುರು ಮಾಡೋಕೆ ಮುಂಚೆ ಕಾನೂನು ಮುಗಿಸ್ಬಿಡ್ತೀನಿ. ನಾನು ಮಾತಾಡ್ತಿರೋದು ಅಮೆರಿಕದ್ದು. ಇಲ್ಲಿ ಸ್ವಂತಕ್ಕೆ ರೀಲೋಡ್ ಮಾಡ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರೋಕೆ ಅಂತ ಮಾಡಿದ್ರೆ ಬೇಕು, ಸ್ಟೇಟ್ ರೂಲ್ಸು ಬೇರೆ ಇರ್ಬಹುದು, ನಿಮ್ದು ನೀವು ನೋಡ್ಕೊಳ್ಳಿ. ಆದ್ರೆ ನಮ್ಮವರು ಇಲ್ಲಿ ಸುಮಾರು ಜನ ಎಚ್-1ಬಿ ಮೇಲಿರ್ತೀರಲ್ಲ, ಆ ಥರ ನಾನ್-ಇಮಿಗ್ರೆಂಟ್ ವೀಸಾದಲ್ಲಿರೋರು ಗನ್ ಮಾತ್ರ ಅಲ್ಲ, ತೋಟಾ ಇಟ್ಕೊಳ್ಳೋದೂ ಫೆಡರಲ್ ಕಾನೂನಲ್ಲಿ ಅಪರಾಧ, ಬೇಟೆ ಲೈಸೆನ್ಸ್ ಇರೋದು ಅಂಥ ಕೆಲವು ವಿನಾಯಿತಿ ಬಿಟ್ರೆ. ಗ್ರೀನ್ ಕಾರ್ಡ್ ಬಂದ್ಮೇಲೆ ಆ ರೂಲು ಅನ್ವಯಿಸಲ್ಲ. ಇನ್ನು ಊರಲ್ಲಿ ನೋಡ್ತಿರೋರು, ಅದ್ರಲ್ಲೂ ಕೊಡಗಿನ ಕಡೆಯವ್ರು, ನಿಮ್ಮಲ್ಲಿ ಕೆಲವರಿಗೆ ಕೋವಿ ಇಟ್ಕೊಳ್ಳೋಕೆ ವಿನಾಯಿತಿ ಇದೆ ನಿಜ, ಮನೇಲಿ ತೋಟಾ ತಯಾರ್ ಮಾಡೋಕೆ ಅಲ್ಲ, 1959ರ ಆಯುಧ ಕಾಯ್ದೆ ಪ್ರಕಾರ ಅದಕ್ಕೆ ಲೈಸೆನ್ಸ್ ಬೇಕು. ಸೋ ಇದನ್ನ ನೋಡಿ ಖುಷಿಪಡಿ ಅಷ್ಟೇ.

ಈಗ ವಿಷಯಕ್ಕೆ ಬರೋಣ. ಪಿಸ್ತೂಲಿನ ಒಂದು ತೋಟಾ ರೆಡಿ ಆಗೋಕೆ ಸಾಮಾನ್ಯವಾಗಿ ನಾಲ್ಕು ಡೈ ದಾಟ್ಬೇಕು, ಕೇಸ್ ಬುಡದಲ್ಲಿ ಕಿಡಿ ಹೊತ್ತಿಸೋ ಹಳೇ ಪ್ರೈಮರ್ ತೆಗೆದು, ಉಬ್ಬಿದ ಕೇಸ್‌ನ ಸೈಜ್ ಮಾಡೋದು, ಅಂದ್ರೆ ಸರಿ ಅಳತೆಗೆ ತರೋದು ಒಂದು, ಬಾಯಿ ಅಗಲ ಮಾಡಿ ಪೌಡರ್ ಹಾಕೋದು ಒಂದು, ಬುಲೆಟ್, ಅಂದ್ರೆ ತುದೀಲಿರೋ ಗುಂಡು, ಕೂರ್ಸೋದು ಒಂದು, ಕೇಸಿನ ಬಾಯಿ ಅದ್ರ ಸುತ್ತ ಬಿಗಿ ಮಾಡೋ ಕ್ರಿಂಪ್ ಒಂದು. ಸಿಂಗಲ್ ಸ್ಟೇಜ್ ಪ್ರೆಸ್ಸಲ್ಲಿ ಒಂದ್ಸಲಕ್ಕೆ ಒಂದೇ ಡೈ, ನೂರು ಕೇಸಿಗೂ ಒಂದು ಕೆಲಸ ಮುಗ್ಸಿ, ಡೈ ಬಿಚ್ಚಿ, ಇನ್ನೊಂದು ಹಾಕಿ, ಮತ್ತೆ ಅದೇ ನೂರು ಕೇಸ್ ಎತ್ಕೋಬೇಕು. ಟರೆಟ್ಟಲ್ಲಿ ಡೈ ಎಲ್ಲಾ ಮೇಲಿರೋ ಒಂದು ಬಿಲ್ಲೇಲಿ, ಅಂದ್ರೆ ಆ ತಲೇಲಿ, ಕೂತಿರುತ್ತೆ, ನಮ್ಮ ಮನೆ ಮಸಾಲೆ ಡಬ್ಬಿ ಥರ, ಬಿಲ್ಲೆ ತಿರುಗುತ್ತೆ, ಕೇಸ್ ಕೆಳಗೆ ಇದ್ದಲ್ಲೇ ಇರುತ್ತೆ. ಪ್ರೊಗ್ರೆಸಿವ್ ಅಂದ್ರೆ ಇದಕ್ಕೆ ಉಲ್ಟಾ, ಡೈ ಎಲ್ಲಾ ನಿಂತಿರುತ್ತೆ, ಕೇಸ್‌ಗಳು ಸುತ್ತುತ್ವೆ, ಎಲ್ಲಾ ಜಾಗದಲ್ಲೂ ಕೇಸ್ ತುಂಬಿದ್ಮೇಲೆ ಹ್ಯಾಂಡಲ್ ಒಂದ್ಸಲ ಎಳೆದ್ರೆ ಒಂದು ತೋಟಾ ಹೊರಗೆ.

ಈಗ ಲೆಕ್ಕ ಹಾಕಿ. ಟರೆಟ್ಟಲ್ಲಿ ನೂರು ತೋಟಾಗೆ ನಾನೂರು ಸಲ ಹ್ಯಾಂಡಲ್ ಎಳೀಲೇಬೇಕು, ನಾಲ್ಕು ತೂತಿರ್ಲಿ ಎಂಟು ತೂತಿರ್ಲಿ ಒಂದೇ. ಅಂದ್ರೆ ಆ ಎಕ್ಸ್‌ಟ್ರಾ ತೂತಿಂದ ಸ್ಪೀಡ್ ಒಂದು ಚೂರೂ ಜಾಸ್ತಿ ಆಗಲ್ಲ ಸ್ವಾಮಿ! ಕೈಯಲ್ಲಿ ತಿರುಗಿಸೋ ಟರೆಟ್ ತಗೊಂಡೋರು ಆಮೇಲೆ ಏನ್ಮಾಡ್ತಾರೆ ಗೊತ್ತಾ, ಪ್ರತಿ ಎಳೆತಕ್ಕೂ ತಲೆ ತಿರುಗಿಸಿ ಸಾಕಾಗಿ, ಐವತ್ತು ಕೇಸ್ ಒಂದು ಡೈನಲ್ಲಿ ಮುಗ್ಸಿ ಆಮೇಲೆ ತಲೆ ತಿರುಗಿಸ್ತಾರೆ, ಅಂದ್ರೆ ಅದು ಸಿಂಗಲ್ ಸ್ಟೇಜೇ ಆಯ್ತಲ್ಲ, ಡೈ ಬಿಚ್ಚಿ ಹಾಕೋ ಕೆಲಸ ಒಂದು ತಪ್ತು ಅಷ್ಟೇ.

ಅದಕ್ಕೇ ನಾನು ಹೇಳೋದು, ವಾರಕ್ಕೆ ನೂರು ಇನ್ನೂರು 9 ಎಂಎಂ ಇಲ್ಲಾ .38 ಸ್ಪೆಷಲ್ ಹೊಡೆಯೋ ಮಾಮೂಲಿ ಮನುಷ್ಯನಿಗೆ ಲೀ ಕ್ಲಾಸಿಕ್ ಟರೆಟ್ ಸಾಕು. ನಾಲ್ಕೇ ತೂತು, ಬುಡ ಎರಕದ ಕಬ್ಬಿಣ, ನಡುವೆ ಒಂದು ತಿರುಚಿದ ರಾಡ್ ಇರುತ್ತೆ, ಹ್ಯಾಂಡಲ್ ಎಳೆದಂಗೆ ಆ ರಾಡೇ ತಲೇನ ಮುಂದಿನ ಡೈಗೆ ತಳ್ಳುತ್ತೆ, ಕೇಸ್‌ನ ಒಂದ್ಸಲ ಇಟ್ರೆ ಬುಲೆಟ್ ಕೂತು ಕ್ರಿಂಪ್ ಆಗೋವರ್ಗೂ ಕೆಳಗೆ ಇಳ್ಸೋ ಅಗತ್ಯ ಇಲ್ಲ. ಹಳೇ ಪ್ರೈಮರ್ ರ‍್ಯಾಮ್, ಅಂದ್ರೆ ಕೇಸ್‌ನ ಮೇಲಕ್ಕೆ ಎತ್ತೋ ಕಂಬ, ಅದರ ಒಳಗಿಂದಾನೇ ಟ್ಯೂಬಿಗೆ ಬೀಳುತ್ತೆ, ನೆಲದ ಮೇಲೆ ಚೆಲ್ಲಾಡಲ್ಲ. ಆ ಮಸಿಯಲ್ಲಿ ಸೀಸ ಇರುತ್ತೆ ಗುರು, ಮನೇಲಿ ಮಕ್ಕಳಿದ್ರೆ ಇದು ಸಣ್ಣ ವಿಷಯ ಅಲ್ಲ, ಕೆಲಸ ಆದ್ಮೇಲೆ ಕೈ ತೊಳೀರಿ. ಇನ್ನೊಂದು ಕ್ಯಾಲಿಬರ್ ಬೇಕಾ, ಡೈ ಸಮೇತ ಬಿಲ್ಲೇನೇ ಎತ್ತಿ ಇನ್ನೊಂದು ಹಾಕಿ, ಕೇಸ್ ಹಿಡ್ಕೊಳ್ಳೋ ಶೆಲ್ ಹೋಲ್ಡರ್ ಬದಲಾಯಿಸಿ, ಪೌಡರ್ ಅಳೆದು ಹಾಕೋ ಮೆಷರ್ ಸೆಟ್ಟಿಂಗ್ ನೋಡ್ಕೊಳ್ಳಿ. ಖಾಲಿ ಬಿಲ್ಲೆ ತುಂಬಾ ಅಗ್ಗ, ಅಂಥಾದ್ದು ಇನ್ನೆರಡು ಇಟ್ಕೊಂಡ್ರೆ ನಿಮ್ ಹತ್ರ ಹನ್ನೆರಡು ತೂತು ಇದ್ದಂಗೆ ಆಯ್ತಲ್ಲ!

ಇದ್ರಲ್ಲಿ ತೊಂದ್ರೆ ಇಲ್ವಾ ಅಂದ್ರೆ ಇದೆ. ರಾಡ್ ತಿರುಗೋ ಜಾಗದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ರ‍್ಯಾಚೆಟ್ ಇದೆ, ಎಳೆತ ಅರ್ಧಕ್ಕೆ ನಿಲ್ಸಿ ವಾಪಸ್ ಹೋದ್ರೆ, ಇಲ್ಲಾ ತಾನಾಗೇ ಮುಂದಿನ ಡೈಗೆ ತಿರುಗ್ತಿರೋವಾಗ ತಲೇನ ಕೈಯಲ್ಲಿ ತಿರುಗಿಸೋಕೆ ಹೋದ್ರೆ ಅದು ಸವೆದು ಹೋಗುತ್ತೆ. ಪಾರ್ಟ್ ಬೆಲೆ ಏನೂ ಇಲ್ಲ, ಒಂದೆರಡು ಎಕ್ಸ್‌ಟ್ರಾ ತರ್ಸಿಟ್ಕೊಳ್ಳಿ. ಆಮೇಲೆ ಬಿಲ್ಲೆ ಸ್ವಲ್ಪ ಅಲ್ಲಾಡುತ್ತೆ, ಅದನ್ನ ನೋಡಿ ಜನ ಗಾಬರಿ ಬೀಳ್ತಾರೆ, ಆದ್ರೆ ರ‍್ಯಾಮ್ ಮೇಲೆ ಬಂದಾಗ ಪ್ರತಿ ಸಲ ಅದೇ ಅಷ್ಟೇ ದೂರ ಎದ್ದು ಅದೇ ಜಾಗಕ್ಕೆ ಒತ್ತಿ ನಿಲ್ಲುತ್ತೆ, ಪಿಸ್ತೂಲ್ ತೋಟಾಗೆ ಅದ್ರಿಂದ ಏನೂ ಆಗಲ್ಲ.

ಹಂಗಂತ ಕೈಯಲ್ಲೇ ತಿರುಗಿಸೋ ರೆಡ್ಡಿಂಗ್ ಟಿ-7 ಟರೆಟ್ ಕೆಟ್ಟದ್ದು ಅಂತ ನಾನು ಹೇಳಿಲ್ಲ, ಕಾಮೆಂಟಲ್ಲಿ ಬೈಯೋಕೆ ಬರ್ಬೇಡಿ. ಏಳು ತೂತು, ಎರಕದ ಕಬ್ಬಿಣ, ಗಟ್ಟಿ ಅಂದ್ರೆ ಗಟ್ಟಿ, ಬೆಲೆ ಲೀ ಗಿಂತ ಎರಡು ಪಟ್ಟಿಗೂ ಮೇಲೆ. ಲೈಮನ್‌ದು ಎಂಟು ತೂತಿಂದು ಇದೆ. ರೈಫಲ್‌ಗೆ ನಿಧಾನವಾಗಿ ಒಂದೊಂದೇ ಕೇಸ್‌ಗೂ ಪೌಡರ್ ತೂಕ ಮಾಡಿ ಹಾಕೋರು, ಎರಡು ಮೂರು ಕ್ಯಾಲಿಬರ್ ಡೈ ಸೆಟ್ ಮಾಡಿ ಮುಟ್ಟದೇ ಬಿಡ್ಬೇಕು ಅನ್ನೋರು, ಅವರಿಗೆ ಆ ಪ್ರೆಸ್ ಸರಿ. ಅವರಿಗೆ ಬೇಕಿರೋದು ಸ್ಪೀಡ್ ಅಲ್ಲ. ನನ್ ತಕರಾರು ಇರೋದು ಸ್ಪೀಡ್ ಬೇಕು ಅಂತ ಹೋಗಿ ಅದನ್ನ ತರೋರ ಮೇಲೆ.

ಇನ್ನು ಕೆಲವರು, ಹೆಂಗೂ ದುಡ್ಡು ಹಾಕ್ತೀನಿ ನೇರ ಡಿಲನ್ 550 ಅನ್ನೋ ಪ್ರೊಗ್ರೆಸಿವ್ ಪ್ರೆಸ್ಸಿಗೇ ಹೋಗ್ಲಾ ಅಂತಾರೆ. ತಿಂಗಳಿಗೆ ಸಾವಿರಗಟ್ಲೆ ಹೊಡೀತೀರಾ ಅಂದ್ರೆ ಹೋಗಿ, ಆದ್ರೆ ಮೊದಲನೇ ಪ್ರೆಸ್ ಆಗಿ ಬೇಡ ಅಂತೀನಿ ನಾನು, ಯಾಕಂದ್ರೆ ಪ್ರೊಗ್ರೆಸಿವಲ್ಲಿ ಒಂದೇ ಎಳೆತಕ್ಕೆ ನಾಲ್ಕು ಕಡೆ ನಾಲ್ಕು ಕೆಲಸ ನಡೀತಿರುತ್ತೆ, ಎಲ್ಲಿ ಏನು ತಪ್ತು ಅಂತ ಹೊಸಬರಿಗೆ ಕಣ್ಣಿಗೆ ಬೀಳಲ್ಲ. ಒಂದು ಕೇಸಿಗೆ ಪೌಡರ್ ಎರಡ್ಸಲ ಬಿದ್ರೆ ಗನ್ನೇ ಸಿಡಿಬಹುದು, ಬೀಳದೇ ಹೋದ್ರೆ ಬುಲೆಟ್ ಬ್ಯಾರಲ್ ಮಧ್ಯೆ ಸಿಕ್ಕಿಹಾಕ್ಕೊಳ್ಳುತ್ತೆ, ಅದು ಗೊತ್ತಾಗದೇ ಇನ್ನೊಂದು ಹೊಡೆದ್ರೆ ಮುಗೀತು ಕಥೆ. ಟರೆಟ್ಟಲ್ಲೂ ಇದು ಆಗಬಹುದು, ಆದ್ರೆ ಕೇಸ್ ಒಂದೇ ಇರುತ್ತಲ್ಲ, ಬುಲೆಟ್ ಇಡೋಕೆ ಮುಂಚೆ ಒಳಗೆ ಬಗ್ಗಿ ನೋಡೋದು ಅಭ್ಯಾಸ ಆಗುತ್ತೆ. ಪ್ರೆಸ್ ಮೇಲೆ ಒಂದು ಎಲ್‌ಇಡಿ ಅಂಟ್ಸಿ, ಪ್ರತಿ ಕೇಸೂ ನೋಡಿ, ಪ್ರತಿ ಒಂದೂ.

ಹಾಂ, ಬೆಂಚ್. ಐಕಿಯಾ ಟೇಬಲ್‌ಗೆ ಬೋಲ್ಟ್ ಹೊಡೆದು, ಪ್ರೆಸ್ ಸರಿಯಿಲ್ಲ ಅಂತ ಒಂದು ಸ್ಟಾರ್ ರಿವ್ಯೂ ಬರೀತಾರೆ ಜನ. ಕೇಸ್ ಸೈಜ್ ಮಾಡೋವಾಗ ಬೆಂಚ್ ಎದ್ದು ಬರೋ ಹಂಗಿದ್ರೆ ಯಾವ ಕಬ್ಬಿಣ ತಗೊಂಡು ಏನ್ಮಾಡ್ತೀರಾ? ಗೋಡೆಗೆ ಫಿಕ್ಸ್ ಮಾಡಿ. ತೂತಿನ ದುರಾಸೆ ಬಿಟ್ಟು ಉಳಿಸಿದ ದುಡ್ಡಲ್ಲಿ ಒಳ್ಳೇ ತಕ್ಕಡಿ, ಕ್ಯಾಲಿಪರ್, ಒಂದು ಹೊಸ ರೀಲೋಡಿಂಗ್ ಮ್ಯಾನ್ಯುಯಲ್ ತಗೊಳ್ಳಿ, ಪೌಡರ್ ಎಷ್ಟು ಹಾಕ್ಬೇಕು ಅನ್ನೋದನ್ನ ಅದ್ರಲ್ಲೇ ನೋಡಿ, ನನ್ನ ಕೇಳ್ಬೇಡಿ, ಯೂಟ್ಯೂಬಲ್ಲಿ ಯಾರನ್ನೂ ಕೇಳ್ಬೇಡಿ.