ಜಿಂಜರಿನೊಳಗಿನ ಬೇರು

ಕೇಳುಗರೆಲ್ಲರಿಗೂ ನಮಸ್ಕಾರ.

ಜಡಿಮಳೆಯ ಬೆಳಿಗ್ಗೆ ಚಹಾಕ್ಕೆಂದು ಹಸಿಶುಂಠಿ ಜಜ್ಜುತ್ತೇವಲ್ಲ, ಜಜ್ಜುವ ಮುನ್ನ ಆ ತುಂಡನ್ನು ಒಮ್ಮೆ ನೋಡಿ. ಗೆಣ್ಣುಗೆಣ್ಣಾದ ಮೈ, ಸಂದಿಯಲ್ಲಿ ಉಳಿದ ಮಣ್ಣು, ಕವಲೊಡೆದ ಮೊಂಡು ತುದಿಗಳು. ಇಂಗ್ಲಿಷಿನಲ್ಲಿ ಇದು ಜಿಂಜರ್. ಆ ಹೆಸರು ಹೊರಟದ್ದು ನಮ್ಮ ನೆರೆಮನೆಯಿಂದ.

ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ಜಿಂಜಿವೆರೆ. ಲ್ಯಾಟಿನ್ನಿನಲ್ಲಿ ಜಿಂಗಿಬೆರ್, ಗ್ರೀಕಿನಲ್ಲಿ ಜಿಂಗಿಬೆರಿಸ್. ಕ್ರಿ.ಶ. 1ನೇ ಶತಮಾನದ ವೈದ್ಯ ಡಯಾಸ್ಕೊರಿಡೀಸ್ ತನ್ನ ಮದ್ದಿನ ಗ್ರಂಥದಲ್ಲಿ ಬರೆದದ್ದು ಇದೇ ಹೆಸರನ್ನು. ಕಡಲು ದಾಟಿ ಈಚೆ ಬಂದರೆ ಹಳೆಯ ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ಸಿಂಗಿವೇರ ಸಿಗುತ್ತದೆ. ಸಂಸ್ಕೃತದವರು ಅದನ್ನು ಶೃಂಗವೇರ ಎಂದರು, ಕೊಂಬಿನಂಥ ಮೈಯುಳ್ಳದ್ದು ಎಂದು ಅರ್ಥ ಹೇಳಿದರು. ಕವಲು ತುದಿಗಳನ್ನು ಕಂಡವರಿಗೆ ಚೆಂದವೆನಿಸುವ ಅರ್ಥವೇ. ಆದರೆ ಕೇಳಿಬಂದ ಪದಕ್ಕೆ ಆಮೇಲೆ ತೊಡಿಸಿದ ಅರ್ಥ ಅದು.

ಅದರೊಳಗಿರುವುದು ತಮಿಳು, ಮಲಯಾಳಗಳ ಇಂಜಿ ಮತ್ತು ವೇರ್. ಇಂಜಿ ಎಂದರೆ ಶುಂಠಿ, ವೇರ್ ಎಂದರೆ ಬೇರು. ಇಂಜಿಯ ಬೇರು, ಅಷ್ಟೇ. ಹಾಗಾದರೆ ಪಾಳಿಯಲ್ಲಿ ಸಕಾರವೇಕಿದೆ? ನಮ್ಮ ಸಾವಿರ ತಮಿಳಿನಲ್ಲಿ ಆಯಿರಂ ಆಗಿರುವುದನ್ನು ನೆನಪಿಸಿಕೊಳ್ಳಿ. ಇಂಜಿಯೂ ಹಾಗೆಯೇ ತಲೆಯ ಅಕ್ಷರ ಕಳೆದುಕೊಂಡಿತು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಅದು ಕಳೆಯುವ ಮೊದಲೇ ಉತ್ತರದವರು ಪದವನ್ನು ಒಯ್ದಿದ್ದರು.

ಕನ್ನಡಿಗರಾದ ನಾವು ಶುಂಠಿ ಎನ್ನುತ್ತೇವೆ, ಉತ್ತರ ಕರ್ನಾಟಕದಲ್ಲಿ ಅದಕ್ಕೆ ‘ಅಲ್ಲ’ ಎನ್ನುತ್ತಾರೆ. ಇಂಜಿ ನಮ್ಮ ಅಡುಗೆಮನೆಯ ಮಾತಲ್ಲ. ಆದರೆ ಪದದ ಉತ್ತರಾರ್ಧ ನಮ್ಮದೂ ಹೌದು: ತಮಿಳಿನ ವಾ ನಮ್ಮಲ್ಲಿ ಬಾ ಆದಂತೆ, ವೇರ್ ಬೇರಾಯಿತು. ಲ್ಯಾಟಿನ್ನಿನ ಬೆರ್ ಕಂಡು ಅದು ಕನ್ನಡದಿಂದಲೇ ಹೋಯಿತೆಂದು ಹಿಗ್ಗಬಾರದು. ಆ ಬಕಾರ ಗ್ರೀಕರ ಬಾಯಲ್ಲಿ ಹುಟ್ಟಿದ್ದು.

ನನಗೆ ಬಹಳ ಇಷ್ಟವಾಗುವುದು ಪದದ ತುದಿ. ಜಿಂಜಿವೆರೆ ಸವೆದು ಜಿಂಜರ್ ಆಗುವಾಗ ವಕಾರ ಉದುರಿಹೋಯಿತು. ಕೊನೆಯ ರಕಾರ ಮಾತ್ರ ಉಳಿಯಿತು. ಬೇರು ಎನ್ನುವಾಗ ನಮ್ಮ ನಾಲಿಗೆ ಮುಟ್ಟುವ ರಕಾರವೇ ಅದು. ಜರ್ಮನ್ನರು ಇಂಗ್‌ವೆರ್ ಎನ್ನುತ್ತಾರೆ, ಅವರಲ್ಲಿ ವಕಾರವೂ ಉಳಿದಿದೆ.

ಬೇಸಿಗೆಯಲ್ಲಿ ನೀರಿನ ಹೂಜಿಗೆ ಹಾಕುವ ಲಾವಂಚವನ್ನು ಬಲ್ಲಿರಿ. ಅತ್ತರಿನ ಸೀಸೆಯ ಮೇಲೆ ಅದರ ಇಂಗ್ಲಿಷ್ ಹೆಸರು ವೆಟಿವರ್ ಎಂದಿರುತ್ತದೆ. ತಮಿಳಿನ ವೆಟ್ಟಿವೇರ್ ಫ್ರೆಂಚಿನ ಮೂಲಕ ಅಲ್ಲಿಗೆ ಹೋಯಿತು. ಮುಂದಿನ ಸಲ ಆ ಸೀಸೆ ಕೈಗೆ ಬಂದರೆ ಓದಿ ನೋಡಿ, ಬೇರು ಅದರಲ್ಲಿ ಇಡಿಯಾಗಿಯೇ ಇದೆ.

ನಮಸ್ಕಾರ.