ಕಟ್ಟೆಯ ಮಟ್ಟ ಮತ್ತು 1248ರ ಅಪವರ್ತನಗಳು

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಮಂಡ್ಯದ ಕಡೆ ಇಬ್ಬರು ಎದುರುಬದುರಾದಾಗ ಮೊದಲು ಬರುವ ಮಾತು, "ಕಟ್ಟೆ ಎಷ್ಟಾಯ್ತು?" ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಎನ್ನುವುದು ನಾಲೆ ಬಯಲಿನ ಮಕ್ಕಳಿಗೂ ಬಾಯಿಪಾಠ. ಅಡಿಯ ಹತ್ತನೇ ಒಂದು ಭಾಗವನ್ನೇ ಅಳತೆ ಮಾಡಿಕೊಂಡರೆ ಅದು 1248. ಇದನ್ನು ಯಾವ ಯಾವ ಸಂಖ್ಯೆಗಳು ಶೇಷ ಉಳಿಸದೆ ಭಾಗಿಸುತ್ತವೆ? ಕಾಗದ, ಪೆನ್ಸಿಲ್ಲು ಕೈಗೆ ಸಿಕ್ಕಿದರೆ ಇಟ್ಟುಕೊಳ್ಳಿ.

ಕೊನೆಯ ಅಂಕಿ 8, ಅಂದಮೇಲೆ 2ರಿಂದ ಭಾಗವಾಗುತ್ತದೆ. ಸ್ವಾರಸ್ಯ ಇರುವುದು 3ರಲ್ಲಿ. ಅಂಕಿಗಳನ್ನು ಕೂಡಿ ನೋಡು ಎಂದು ಮೇಷ್ಟ್ರು ಉರು ಹೊಡೆಸಿರುತ್ತಾರೆ. ಯಾಕೆ ಕೂಡಬೇಕು ಎಂದು ಕೇಳುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. ಬಿಡಿಸಿ ನೋಡೋಣ. ಸಾವಿರವೆಂದರೆ 999 ಮತ್ತು 1. ಇನ್ನೂರೆಂದರೆ ಎರಡು 99, ಮೇಲೆ 2. ನಲವತ್ತೆಂದರೆ ನಾಲ್ಕು 9, ಮೇಲೆ 4. ಕೊನೆಗೆ 8. ಈ 999, 99, 9 ಎಲ್ಲವೂ 3ರಿಂದಲೂ 9ರಿಂದಲೂ ಭಾಗವಾಗುವಂಥವು, ಅವನ್ನು ಪಕ್ಕಕ್ಕಿಡಿ. ಉಳಿದದ್ದು 1, 2, 4, 8, ಕೂಡಿದರೆ 15. ಇದು 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ, 6 ಉಳಿಯುತ್ತದೆ. 1248ನ್ನು 9ರಿಂದ ಭಾಗಿಸಿ ನೋಡಿ, ಉಳಿಯುವುದು ಅದೇ 6. ಇದರಲ್ಲಿ ಮಾಯಮಂತ್ರ ಏನಿಲ್ಲ. ನಾವು ಹತ್ತರ ಲೆಕ್ಕದಲ್ಲಿ ಸಂಖ್ಯೆ ಬರೆಯುತ್ತೇವೆ, ಹತ್ತು 9ಕ್ಕಿಂತ ಒಂದು ಹೆಚ್ಚು, ಅಷ್ಟೆ.

ನೂರು 4ರಿಂದ ಭಾಗವಾಗುತ್ತದೆ, ಆದ್ದರಿಂದ 4ಕ್ಕೆ ಕೊನೆಯ ಎರಡು ಅಂಕಿ ನೋಡಿದರೆ ಸಾಕು. ಸಾವಿರ 8ರಿಂದ ಭಾಗವಾಗುತ್ತದೆ, ಅಲ್ಲಿ ಕೊನೆಯ ಮೂರು. 48 ಸರಿ, 248ಕ್ಕೆ ಎಂಟು ಮೂವತ್ತೊಂದ್ಲೆ ಸರಿ. ಇಲ್ಲೊಂದು ಎಚ್ಚರ. 4ರಿಂದಲೂ 6ರಿಂದಲೂ ಭಾಗವಾದರೆ 24ರಿಂದಲೂ ಆಗುತ್ತದೆ ಎಂದು ಎಷ್ಟೋ ಮಕ್ಕಳು ಬರೆಯುತ್ತಾರೆ. 12ನ್ನು ತೆಗೆದುಕೊಳ್ಳಿ, ಮಾತು ಅಲ್ಲೇ ಬಿದ್ದುಹೋಗುತ್ತದೆ. 4, 6 ಎರಡರೊಳಗೂ 2 ಸೇರಿಕೊಂಡಿದೆ. 24ಕ್ಕೆ 3 ಮತ್ತು 8 ನೋಡಬೇಕು.

11ಕ್ಕೆ ಒಂದಂಕಿ ಬಿಟ್ಟು ಒಂದಂಕಿ ಕೂಡಿ, ಎರಡು ಮೊತ್ತಗಳ ವ್ಯತ್ಯಾಸ ನೋಡುತ್ತೇವೆ. ಮೈಸೂರು ರಸ್ತೆಯ ಹೆದ್ದಾರಿ ಸಂಖ್ಯೆ 275. 2ಕ್ಕೆ 5 ಸೇರಿದರೆ 7, ನಡುವೆಯೂ 7, ವ್ಯತ್ಯಾಸ ಸೊನ್ನೆ. 11 ಇಪ್ಪತ್ತೈದ್ಲೆ 275. ನಮ್ಮ 1248ರಲ್ಲಿ 1ಕ್ಕೆ 4 ಸೇರಿ 5, 2ಕ್ಕೆ 8 ಸೇರಿ 10, ಆಗುವುದಿಲ್ಲ.

7ಕ್ಕೂ ಒಂದು ಸೂತ್ರವಿದೆ: ಕೊನೆಯ ಅಂಕಿಯನ್ನು ದುಪ್ಪಟ್ಟು ಮಾಡಿ ಮಿಕ್ಕ ಭಾಗದಿಂದ ಕಳೆಯುವುದು. ನನಗಂತೂ ಅದು ಅಷ್ಟಕ್ಕಷ್ಟೆ, ಅದರ ಬದಲು ನೇರವಾಗಿ ಭಾಗಿಸಿಬಿಡಬಹುದು. 1001 ಎಂದರೆ 7, 11, 13ರ ಗುಣಲಬ್ಧ ಎಂದು ನೆನಪಿಟ್ಟುಕೊಳ್ಳುವುದು ಮೇಲು. ಚಾಮುಂಡಿ ಬೆಟ್ಟಕ್ಕೆ ಜನ ಹೇಳುವ 1008 ಮೆಟ್ಟಿಲು 1001ಕ್ಕಿಂತ 7 ಹೆಚ್ಚು. ಭಾಗಿಸುವ ಕೆಲಸವೇ ಇಲ್ಲ!

ಇನ್ನು ಅಪವರ್ತನಗಳು. ಅವು ಜೋಡಿಯಾಗಿ ಸಿಗುತ್ತವೆ. 2 ಸಿಕ್ಕರೆ 624 ಸಿಕ್ಕಂತೆ, 3ರ ಜೊತೆಗೆ 416. ಹೀಗೇ 4 ಮತ್ತು 312, 6 ಮತ್ತು 208, 8 ಮತ್ತು 156, 12 ಮತ್ತು 104, 13 ಮತ್ತು 96, 16 ಮತ್ತು 78, 24 ಮತ್ತು 52, 26 ಮತ್ತು 48, 32 ಮತ್ತು 39. ಚಿಕ್ಕದು ಏರುತ್ತಾ, ದೊಡ್ಡದು ಇಳಿಯುತ್ತಾ ಹತ್ತಿರವಾಗುತ್ತವೆ. 35ರ ವರ್ಗ 1225, 36ರ ವರ್ಗ 1296. ಆದ್ದರಿಂದ 35 ದಾಟಿ ಹುಡುಕಬೇಕಾಗಿಲ್ಲ, ಅಲ್ಲಿಂದಾಚೆಗೆ ಸಿಗುವುದೆಲ್ಲ ಆಗಲೇ ಸಿಕ್ಕಿರುವ ಜೋಡಿಯ ಇನ್ನೊಂದು ತುದಿ. 1 ಮತ್ತು 1248 ಸೇರಿಸಿ ಒಟ್ಟು 24 ಅಪವರ್ತನಗಳು.

ಇದಕ್ಕೆ ಒಂದೇ ಒಂದು ಸೇರಿಸಿ, 1249. ಇಲ್ಲೂ 35ರವರೆಗೆ ನೋಡಿದರೆ ಸಾಕು, ಅದರಲ್ಲೂ ಅವಿಭಾಜ್ಯಗಳನ್ನು ಮಾತ್ರ: 2, 3, 5, 7, 11, 13, 17, 19, 23, 29, 31. ಕೊನೆಯ ಅಂಕಿ 9, ಆದ್ದರಿಂದ 2, 5 ಎರಡೂ ಹೋದವು. ಅಂಕಿಗಳ ಮೊತ್ತ 16, 3 ಹೋಯಿತು. 13 ನೋಡಿದರೆ 1 ಉಳಿಯುತ್ತದೆ, 29ಕ್ಕೆ 2, 31ಕ್ಕೆ 9. ಮಿಕ್ಕವನ್ನು ನೀವೇ ಭಾಗಿಸಿ; ಒಂದೂ ನಿಶ್ಶೇಷವಾಗುವುದಿಲ್ಲ. 1249 ಅವಿಭಾಜ್ಯ ಸಂಖ್ಯೆ.

ನಮಸ್ಕಾರ.