ರಸಸಾರ ಒಂದೇ, ಬೇಕಾದ ಸುಣ್ಣ ಬೇರೆ

ಈಗ ನೀವು ನೋಡುತ್ತಿರುವ ಎರಡೂ ಬೋಗುಣಿಗಳ ಮಣ್ಣಿನ ರಸಸಾರ (pH, ಅಂದರೆ ಹುಳಿಯ ಅಳತೆ; ಅಂಕಿ 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.2. ಒಂದು ಬೆರಳ ಸಂದಿನಿಂದ ಜಾರಿಹೋಗುವ ಮರಳುಮಣ್ಣು, ಇನ್ನೊಂದು ಹಿಸುಕಿದರೆ ಉಂಡೆಯಾಗಿ ನಿಲ್ಲುವ ಜೇಡಿಮಣ್ಣು. ಇವೆರಡನ್ನೂ 6.5ಕ್ಕೆ ತರಬೇಕೆಂದರೆ ಜೇಡಿಮಣ್ಣಿಗೆ ಬಹಳ ಹೆಚ್ಚು ಸುಣ್ಣ ಬೇಕಾಗುತ್ತದೆ. ರಸಸಾರದ ಅಂಕಿ ತಿಳಿಸುವುದು ಮಣ್ಣಿನ ನೀರಿನಲ್ಲಿರುವ ಹುಳಿಯನ್ನು ಮಾತ್ರ. ಜೇಡಿಯ ಕಣಗಳಿಗೂ ಸಾವಯವ ಅಂಶಕ್ಕೂ ಅಂಟಿಕೊಂಡಿರುವ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಅದರಲ್ಲಿ ಕಾಣುವುದಿಲ್ಲ, ನೀರಿನ ಹುಳಿಯನ್ನು ಸುಣ್ಣ ತಣಿಸಿದಂತೆಲ್ಲ ಅವು ಕಣಗಳಿಂದ ಬಿಟ್ಟುಕೊಂಡು ಬಂದು ಮತ್ತೆ ಹುಳಿಯನ್ನು ತುಂಬುತ್ತವೆ. ಆದ್ದರಿಂದ ಮಣ್ಣನ್ನು ಪರೀಕ್ಷೆಗೆ ಕೊಡುವಾಗ ರಸಸಾರದ ಜೊತೆಗೆ ಸುಣ್ಣದ ಅಗತ್ಯವನ್ನೂ ಅಳೆದು ಕೊಡುವಂತೆ ಕೇಳಿ ಎಂದು ಒತ್ತಿ ಹೇಳುತ್ತೇನೆ.

ಹುಳಿ ಮಣ್ಣಿನಿಂದ ಕಿತ್ತ ಈ ಬೇರನ್ನು ಹತ್ತಿರದಿಂದ ನೋಡಿ. ತುದಿ ಮೊಂಡಾಗಿ ದಪ್ಪಗಾಗಿದೆ, ಕವಲುಗಳು ಗಿಡ್ಡವಾಗಿವೆ, ಎಳೆಬೇರುಗಳು ಇಲ್ಲವೆನ್ನುವಷ್ಟು ವಿರಳ. ರಸಸಾರ 5.5ಕ್ಕಿಂತ ಕೆಳಗಿಳಿದಂತೆ ಅಲ್ಯೂಮಿನಿಯಂ ಕರಗಿ ಬೆಳೆಯುವ ತುದಿಯನ್ನೇ ಕೆಡಿಸುತ್ತದೆ. ಹಾಕಿದ ರಂಜಕವನ್ನೂ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುವುದರಿಂದ, ಗೊಬ್ಬರ ಹಾಕಿದರೂ ಗಿಡ ಸೊರಗುತ್ತಲೇ ಇರುತ್ತದೆ.

ಸುಣ್ಣದಕಲ್ಲಿನ ಮುಖ್ಯ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಶುದ್ಧವಾಗಿದ್ದಾಗ ಅದರ ಹುಳಿ ತಣಿಸುವ ಶಕ್ತಿಯನ್ನು 100 ಎಂದಿಟ್ಟುಕೊಂಡರೆ, ಅರಳಿಸಿದ ಸುಣ್ಣದ್ದು ಸುಮಾರು 135, ಸುಟ್ಟ ಸುಣ್ಣದ್ದು ಸುಮಾರು 179. ಇವೆರಡೂ ಬೇಗ ಕೆಲಸ ಮಾಡುತ್ತವೆ, ಆದರೆ ಕಣ್ಣು, ಚರ್ಮಗಳನ್ನು ಸುಡಬಲ್ಲವು. ಹಾಗಾಗಿ ನನ್ನ ಆಯ್ಕೆ ಸುಣ್ಣದಕಲ್ಲಿನ ಪುಡಿಯೇ. ಅದು ಹಿಟ್ಟಿನಷ್ಟು ನುಣ್ಣಗಿರಬೇಕು, ಏಕೆಂದರೆ ದಪ್ಪ ಕಾಳುಗಳು ವರ್ಷಗಟ್ಟಲೆ ಕರಗದೆ ಉಳಿಯುತ್ತವೆ. ಮೆಗ್ನೀಸಿಯಂ ಕೊರತೆಯೂ ಇದ್ದರೆ ಮೆಗ್ನೀಸಿಯಂ ಇರುವ ಸುಣ್ಣದಕಲ್ಲಾದ ಡಾಲಮೈಟ್ ಒಳ್ಳೆಯದು. ಜಿಪ್ಸಂ ಕ್ಯಾಲ್ಸಿಯಂ ಕೊಡುತ್ತದೆಯಾದರೂ, ಅದರಲ್ಲಿರುವ ಸಲ್ಫೇಟು ಹುಳಿಯನ್ನು ತಣಿಸಲಾರದು, ಆದ್ದರಿಂದ ಅದು ಸುಣ್ಣಕ್ಕೆ ಬದಲಿಯಲ್ಲ.

ಮೇಲೆ ಚೆಲ್ಲಿದ ಸುಣ್ಣ ಕೆಳಕ್ಕಿಳಿಯುವುದು ತೀರಾ ನಿಧಾನ. ಬಿತ್ತನೆಗೆ ಕೆಲವು ತಿಂಗಳು ಮೊದಲೇ ಸಮನಾಗಿ ಹರಡಿ, ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು, ಮಣ್ಣಿನಲ್ಲಿ ತೇವವೂ ಇರಬೇಕು. ಯೂರಿಯಾ ಅಥವಾ ಅಮೋನಿಯಂ ಗೊಬ್ಬರಗಳ ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಪ್ರಮಾಣ ದೊಡ್ಡದಿದ್ದರೆ ಎರಡು ಕಂತಿನಲ್ಲಿ ಹಾಕುವುದು ಮೇಲು. ಸುಣ್ಣ ಅತಿಯಾದರೆ ಸತು, ಮ್ಯಾಂಗನೀಸ್, ಬೋರಾನ್‌ಗಳು ಗಿಡಕ್ಕೆ ಸಿಗದಂತಾಗುತ್ತವೆ, ಆ ಸ್ಥಿತಿಯನ್ನು ಸರಿಪಡಿಸುವುದು ಹುಳಿಯನ್ನು ಸರಿಪಡಿಸುವುದಕ್ಕಿಂತ ಕಷ್ಟ. ಅಮೋನಿಯಂ ಗೊಬ್ಬರಗಳೂ ಜೋರು ಮಳೆಯೂ ಮಣ್ಣನ್ನು ಮತ್ತೆ ಹುಳಿಯಾಗಿಸುವುದರಿಂದ, ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ, ಆಗಲೂ ಮೊದಲ ಸಲ ತೆಗೆದ ಆಳದಿಂದಲೇ ಮಣ್ಣನ್ನು ತೆಗೆಯಿರಿ.